ಅಶ್ವಜಿತನ ಒಂದೇ ಗ್ಲಾಸು

ಸತ್ತ ಕುರಿಯ ಹೊಟ್ಟೆ ಸೀಳಿ ನೋಡುವುದು ಅಶ್ವಜಿತನಿಗೆ ಹೊಸದಲ್ಲ. ಪಶು ಆಸ್ಪತ್ರೆಯಲ್ಲಿ ಪರೀಕ್ಷಕನ ಕೆಲಸಕ್ಕೆ ಸೇರಿ ಬಹಳ ವರ್ಷಗಳಾದವು. ವಿಮೆಗೆಂದೋ ರೋಗದ ಗುಮಾನಿಯಿಂದಲೋ ಡಾಕ್ಟರು ಸತ್ತ ಜಾನುವಾರನ್ನು ಕೊಯ್ದು ನೋಡುವಾಗ ಕೈಗವಸು ತೊಟ್ಟು ಪಕ್ಕದಲ್ಲಿ ನಿಲ್ಲುವವನು ಅವನೇ. ಒಳ್ಳೆಯ ಲಿವರ್ ಕೆಂಗಂದು ಬಣ್ಣದ್ದು, ಅಂಚು ಚೂಪು, ಬೆರಳಿಟ್ಟರೆ ಜಾರುತ್ತದೆ. ಕೆಟ್ಟದ್ದು ಹಳದಿಗೆ ತಿರುಗಿ ಊದಿಕೊಂಡಿರುತ್ತದೆ. ಒತ್ತಿದರೆ ಬೆರಳಿನ ಗುರುತು ಹಾಗೆಯೇ ಉಳಿದುಬಿಡುತ್ತದೆ. ಇಷ್ಟು ವರ್ಷ ಇದು ಕೆಲಸದ ತಿಳಿವಳಿಕೆಯಾಗಿತ್ತು. ಬೀದರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅಂಗಿ ಮೇಲೆತ್ತಿ, ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿಸಿಕೊಂಡು ಮಲಗಿದ ದಿನದಿಂದ ಅದು ಕಣ್ಣು ಮುಚ್ಚಿದರೆ ಎದುರಿಗೆ ಬಂದು ನಿಲ್ಲುವ ಚಿತ್ರವಾಯಿತು.

"ಲಿವರಿಗೆ ಕೊಬ್ಬು ಕಟ್ಯದರಿ. ಎರಡನೇ ಹಂತ," ಎಂದು ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನೋಡಿದರು. "ಕುಡೀತೀರೇನು?"

"ಬೀರ್ ಅಷ್ಟೇ ಮೇಡಂ."

"ಬೀರ್ ಅಂದ್ರ ಮಜ್ಜಿಗಿ ಅಲ್ಲಲ್ಲರಿ. ಪೂರಾ ಬಿಟ್ರ ಭಾಳ ಚಲೋ. ಆಗಲ್ಲ ಅಂದ್ರ ಕಮ್ಮಿಯರ ಮಾಡ್ರಿ. ಮೂರು ತಿಂಗಳಿಗೆ ಮತ್ತ ರಕ್ತ ತೋರಸ್ರಿ. ಹಿಂಗೇ ನಡೀತಂದ್ರ ಮುಂದ ಲಿವರ್ ಕಲ್ಲಾಗ್ತದ. ಆಮ್ಯಾಲ ನನ್ ಕೈಯಾಗ ಏನೂ ಇರಲ್ಲ."

ಇಷ್ಟು ಮಾತಿನಲ್ಲಿ ಅಶ್ವಜಿತ ಎರಡನ್ನು ಹೊತ್ತುಕೊಂಡು ಹೊರಗೆ ಬಂದ. ಒಂದು 'ಕಲ್ಲು', ಇನ್ನೊಂದು 'ಕಮ್ಮಿ'. ಮೊದಲನೆಯದು ಹೆದರಿಸಿತು, ಎರಡನೆಯದು ಸ್ವಲ್ಪ ಉಸಿರು ಕೊಟ್ಟಿತು.

ಯಾಕೆಂದರೆ ಪೂರ್ತಿ ಬಿಡುವುದೆಂದರೆ 'ಗಾರ್ಡನ್' ಬಿಡುವುದು. ನೌಬಾದದ ಆಚೆ, ಹೆದ್ದಾರಿಗೆ ಹೊಂದಿಕೊಂಡು, ಬೇವಿನ ಮರಗಳ ಕೆಳಗೆ ಆ ಬಾರ್ ಇದೆ. ಬೋರ್ಡಿನ ಮೇಲಿನ ಉದ್ದನೆಯ ಹೆಸರು ಯಾರಿಗೂ ನೆನಪಿಲ್ಲ. ಕೆಂಪು ಮುರುಮಿನ ಅಂಗಳಕ್ಕೆ ಸಂಜೆ ನೀರು ಚಿಮುಕಿಸಿದಾಗ ಏಳುವ ಮಣ್ಣಿನ ವಾಸನೆ, ಒಂದು ಕಾಲು ಗಿಡ್ಡಾದ ಪ್ಲಾಸ್ಟಿಕ್ ಟೇಬಲ್ಲು, ಈರುಳ್ಳಿ ಕೊತ್ತಂಬರಿ ಉದುರಿಸಿದ ಶೇಂಗಾ. ದಿನವಿಡೀ ಸೆಗಣಿ, ಸೂಜಿ, ರೈತರ ಅವಸರದ ಫೋನುಗಳ ನಡುವೆ ಓಡಾಡಿ ಬಂದು, ಆ ಕುರ್ಚಿಯಲ್ಲಿ ಕುಳಿತು ಮೊದಲ ಗುಟುಕಿನ ತಣ್ಣನೆಯ ಕಹಿ ಗಂಟಲಿಗೆ ಇಳಿದಾಗ, ಹೆಗಲ ಮೇಲಿನ ನೊಗವನ್ನು ಯಾರೋ ಇಳಿಸಿಕೊಂಡಂತಾಗುತ್ತಿತ್ತು. ಅವನು ವಿಸ್ಕಿ ಮುಟ್ಟಿದವನಲ್ಲ. ತೂರಾಡಿಕೊಂಡು ಮನೆಗೆ ಹೋದವನೂ ಅಲ್ಲ. ಅವನಿಗೆ ಬೇಕಾಗಿದ್ದುದು ಬೀರಿನ ರುಚಿ, ಮತ್ತು ಅದರ ಸುತ್ತ ಕೂಡುವ ಮಾತು.

ಆ ಮಾತಿಗೆ ಇಬ್ಬರು ಜೊತೆಗಾರರು. ಮಡೆಪ್ಪನವರು ವಯಸ್ಸಿನಲ್ಲಿ ಹಿರಿಯರು, ಭಾಲ್ಕಿಯಲ್ಲಿ ಅವರದೊಂದು ದಾಲ್ ಮಿಲ್ಲು. ಮನೆ ನೌಬಾದದಲ್ಲಿ. ಕಲೀಮನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅವನು ಕುಡಿಯುವುದಿಲ್ಲ. ನಿಂಬೆ ಸೋಡಾ ಮುಂದಿಟ್ಟುಕೊಂಡು ಶೇಂಗಾ ತಟ್ಟೆ ಖಾಲಿ ಮಾಡುವುದು ಅವನ ಕೆಲಸ. ಬುಧವಾರ, ಶನಿವಾರ ಸಂಜೆ ಮೂವರೂ ಅಲ್ಲಿ ಇರಲೇಬೇಕು.

ಸ್ಕ್ಯಾನಿಂಗ್ ಆದ ವಾರದ ಶನಿವಾರವೇ ಅಶ್ವಜಿತ ತನ್ನ ತೀರ್ಮಾನ ಹೇಳಿದ. ಅಲ್ಲಿಯವರೆಗೆ ಅವನಿಗೂ ಒಂದು ಬಾಟಲಿ ಬೇರೆ ಬರುತ್ತಿತ್ತು. ಒಮ್ಮೊಮ್ಮೆ ಎರಡನೆಯದೂ.

"ನನಗ ಬ್ಯಾರೆ ಬಾಟ್ಲಿ ಬ್ಯಾಡ್ರಿ ಅಣ್ಣಾರ. ನಿಮ್ಮ ಬಾಟ್ಲ್ಯಾಗಿಂದೇ ಒಂದು ಗ್ಲಾಸ್ ಸಾಕು."

"ಒಂದ್ ಗ್ಲಾಸಾ?" ಮಡೆಪ್ಪನವರು ಹುಬ್ಬು ಏರಿಸಿದರು. "ಕೋಳಿಮರಿಗಿ ದವಾ ಹಾಕ್ದಂಗೇನು?"

"ಲಿವರ್ ಖರಾಬ್ ಆಗ್ಯದಂತ್ರಿ."

"ದನದ ಡಾಕ್ಟರಿಗಿ ಮಂದಿ ಡಾಕ್ಟರ್ ಅಂಜಸ್ಯಾರ ನೋಡು ಕಲೀಮ. ಆಯ್ತು ತಮ್ಮಾ, ನಿನ್ ಮಾತೇ ಖರೇ. ಒಂದೇ ಗ್ಲಾಸ್. ಇವತ್ತಿನಿಂದ ನಿನ್ ಗ್ಲಾಸ್ ನನ್ನ ಜಿಮ್ಮೇದಾರಿ."

ಹಾಗೆಂದು ತಾವೇ ಗ್ಲಾಸು ಓರೆ ಹಿಡಿದು, ನೊರೆ ಉಕ್ಕದಂತೆ ನಿಧಾನವಾಗಿ ತುಂಬಿಸಿದರು.

ಅಶ್ವಜಿತ ಮಾತಿಗೆ ತಪ್ಪಲಿಲ್ಲ. ಎರಡನೆಯ ಗ್ಲಾಸು ಎಂದೂ ಕೇಳಲಿಲ್ಲ. ಮನೆಯಲ್ಲಿ ಹೆಂಡತಿ ಆಮ್ರಪಾಲಿ ಬಾಗಿಲಲ್ಲೇ ಅವನ ಮುಖ ನೋಡುತ್ತಿದ್ದಳು.

"ಎಷ್ಟಾಯ್ತ್ರಿ ಇವತ್ತ?"

"ಒಂದೇ ಗ್ಲಾಸ್."

"ಖರೇ?"

"ಅವ್ವನ ಆಣಿ, ಒಂದೇ."

ಒಳಗೆ ಕುಳಿತ ಅವ್ವ ಕೇಶರಬಾಯಿಗೆ ಅದು ಕೇಳಿಸುತ್ತಿತ್ತು. ಬೆಳಿಗ್ಗೆ ಬುದ್ಧನ ಮೂರ್ತಿಯ ಮುಂದೆ ಮೊಂಬತ್ತಿ ಹಚ್ಚಿ ಪಂಚಶೀಲ ಹೇಳುವಾಗ, ನಾಲ್ಕು ಶೀಲ ಮೆಲ್ಲಗೆ ಹೇಳಿ, ಮದ್ಯದಿಂದ ದೂರವಿರುವ ಐದನೆಯದನ್ನು ಮಾತ್ರ ಬಚ್ಚಲಲ್ಲಿ ಹಲ್ಲುಜ್ಜುವ ಮಗನಿಗೂ ಕೇಳುವಂತೆ ಹೇಳುತ್ತಿದ್ದಳು. ಅಶ್ವಜಿತ ನಲ್ಲಿ ಜೋರಾಗಿ ಬಿಡುತ್ತಿದ್ದ.

ಒಂದೇ ಗ್ಲಾಸು ಎಂಬ ಧೈರ್ಯ ಅವನಿಗೆ ಎಷ್ಟು ಬಂತೆಂದರೆ, ಗಾರ್ಡನ್ನಿನಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಕೂರತೊಡಗಿದ. ಹೊಟ್ಟೆಗೆ ಏನೂ ಹೋಗುತ್ತಿಲ್ಲವಲ್ಲ ಎಂದು ಕುರಿಯ ಲಿವರಿನ ಕಲೇಜಿ ಫ್ರೈ ಕೂಡ ತರಿಸಿದ. ಮೂರು ತಿಂಗಳು ಹೀಗೆ ಕಳೆದು, ಪಾಸಾಗುವ ಹುಡುಗನ ಹಾಗೆ ಹೋಗಿ ರಕ್ತ ಕೊಟ್ಟು ಬಂದ.

ರಿಪೋರ್ಟಿನಲ್ಲಿ ಲಿವರಿನ ಅಂಕಿ ಇಳಿದಿರಲಿಲ್ಲ. ಏರಿತ್ತು.

ಡಾಕ್ಟರಮ್ಮ ಕಾಗದವನ್ನು ಎರಡು ಸಲ ನೋಡಿದರು. "ಎಷ್ಟ್ ಕುಡೀಲತ್ತೀರಿ?"

"ಒಂದೇ ಗ್ಲಾಸ್ ಮೇಡಂ. ವಾರಕ್ಕ ಎರಡು ಸಲ."

"ಒಂದೇ ಗ್ಲಾಸಿಗಿ ಹಿಂಗ ಏರಲ್ಲರಿ. ನೀವು ಖರೇ ಹೇಳ್ಲತ್ತಿದ್ರ ಬ್ಯಾರೆ ಏನರ ಅದ ಅಂತ ಹುಡುಕಬೇಕಾಗ್ತದ. ಇನ್ನೊಂದಿಷ್ಟು ಟೆಸ್ಟ್ ಬರೀತೀನಿ. ಮುಂದಿನ ವಾರ ಮಾಡಸ್ರಿ."

'ಬ್ಯಾರೆ ಏನರ.' ಆ ಎರಡು ಮಾತು ಅವನ ಜೊತೆ ಬೈಕಿನ ಹಿಂದೆ ಕುಳಿತು ಮನೆಗೆ ಬಂದವು. ಆ ದಿನದಿಂದ ಅವನು ತನ್ನನ್ನು ತಾನೇ ಎಮ್ಮೆ ಪರೀಕ್ಷಿಸಿದಂತೆ ಪರೀಕ್ಷಿಸತೊಡಗಿದ. ಕನ್ನಡಿಯ ಮುಂದೆ ಕಣ್ಣರೆಪ್ಪೆ ಕೆಳಗೆಳೆದು ಬಿಳಿಭಾಗ ಹಳದಿಯಾಗಿದೆಯೇ ಎಂದು ಮೊಬೈಲ್ ಬೆಳಕಿನಲ್ಲಿ ನೋಡಿಕೊಂಡ. ಕಾಲಿನ ಹರಡನ್ನು ಒತ್ತಿ, ತಗ್ಗು ಬೀಳುತ್ತದೆಯೇ ಎಂದು ಕಾದ. ಹೊಲದ ಬದುವಿನಲ್ಲಿ ಬೈಕು ನಿಲ್ಲಿಸಿ ಬಲ ಪಕ್ಕೆಯ ಕೆಳಗೆ ಬೆರಳು ತೂರಿಸಿ ನೋಡಿದ. ನೋವಿರಲಿಲ್ಲ. ಇಷ್ಟು ಸಲ ಒತ್ತಿದ್ದಕ್ಕೇ ಎರಡು ದಿನಕ್ಕೆ ಅಲ್ಲಿ ನೋವು ಹುಟ್ಟಿಕೊಂಡಿತು. ಫೋನಿನಲ್ಲಿ ಓದಿದ ಪ್ರತಿಯೊಂದು ರೋಗವೂ ತನ್ನದೇ ಹೆಸರಿಟ್ಟುಕೊಂಡಂತೆ ಕಂಡಿತು.

ಆಮ್ರಪಾಲಿಗೆ ಬೇರೆಯದೇ ಅನುಮಾನ. ಅವಳು ಗಾರ್ಡನ್ನಿನ ಸಾಕ್ಷಿಯನ್ನೇ ಹಿಡಿದಳು. ಕಲೀಮನ ಅಂಗಡಿಗೆ ಹೋಗಿ ನೇರವಾಗಿ ಕೇಳಿದಳು.

"ಕಲೀಮ ಭಾಯ್, ಇವರು ಎಷ್ಟು ಕುಡೀತಾರ? ನಿಮ್ಮ ಮಕ್ಕಳ ಮ್ಯಾಲ ಕೈಯಿಟ್ಟು ಹೇಳ್ರಿ."

"ಒಂದೇ ಗ್ಲಾಸ್ ಭಾಬಿ! ನಾ ನಶೆ ಮಾಡವ ಅಲ್ಲ, ನನ್ನ ಕಣ್ಣು ಸಾಫ್ ಅದ. ಒಂದೇ ಗ್ಲಾಸ್ ಮುಂದಿಟ್ಕೊಂಡು ಎದ್ದು ಹೋಗೋತನ ಕೂಡ್ತಾನ."

ಅವಳು ಮನೆಗೆ ಬಂದು ಗಂಡನ ಎದುರು ಕುಳಿತಳು. ಸಿಟ್ಟು ಹೋಗಿತ್ತು. ಅದು ಹೋದ ಜಾಗದಲ್ಲಿ ಅಂಜಿಕೆ ಬಂದಿತ್ತು. ಸಿಟ್ಟೇ ವಾಸಿಯಾಗಿತ್ತು ಎಂದು ಅಶ್ವಜಿತನಿಗೆ ಅನ್ನಿಸಿತು.

ಹೊಸ ಟೆಸ್ಟುಗಳಿಗೆ ಹೋಗುವ ಮೊದಲೇ ಔರಾದ ಕಡೆ ಕಾಲುಬಾಯಿ ಜ್ವರದ ಲಸಿಕೆ ಹಾಕುವ ಕೆಲಸ ಬಂತು. ಇಡೀ ದಿನ ಹಳ್ಳಿಗಳಲ್ಲಿ ಓಡಾಡಿ, ಮರುದಿನವೂ ಅಲ್ಲೇ ಕೆಲಸವಿದ್ದುದರಿಂದ ಔರಾದದ ಲಾಡ್ಜಿನಲ್ಲಿ ಇಳಿದ. ದೇವಣಿ ತಳಿಯ ಹೋರಿಯೊಂದು ಒದ್ದ ಮೊಣಕಾಲು ನೋಯುತ್ತಿತ್ತು. ಬುಧವಾರ ಬೇರೆ. ಗಾರ್ಡನ್ನಿನಲ್ಲಿ ಈಗ ಅಂಗಳಕ್ಕೆ ನೀರು ಚಿಮುಕಿಸುತ್ತಿರುತ್ತಾರೆ ಎಂದು ನೆನಪಾಗಿ, ಬಸ್ ಸ್ಟ್ಯಾಂಡಿನ ಹಿಂದಿನ ಸಣ್ಣ ಬಾರಿಗೆ ಹೋದ. ಅಲ್ಲಿ ಗುರುತಿನವರು ಯಾರೂ ಇರಲಿಲ್ಲ. ಗ್ಲಾಸಿನ ಲೆಕ್ಕದಲ್ಲಿ ಬೀರು ಕೊಡುವುದಿಲ್ಲವೆಂದು ಒಂದು ಬಾಟಲಿ, ಒಂದು ಖಾಲಿ ಗ್ಲಾಸು ತಂದಿಟ್ಟರು. ಶೇಂಗಾ ಹೇಳಿದ. ಒಂದೇ ಗ್ಲಾಸು ಕುಡಿದು ಉಳಿದದ್ದನ್ನು ಬಿಟ್ಟು ಏಳುವುದೆಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡು ತಾನೇ ಬಗ್ಗಿಸಿಕೊಂಡ.

ಕುಡಿದ. ಗೋಡೆಯ ಮೇಲಿನ ಟಿ.ವಿ. ನೋಡಿದ. ಮತ್ತೆ ಕುಡಿದ. ಗ್ಲಾಸು ಕೆಳಗಿಟ್ಟಾಗ ತಳ ಕಂಡಿತು.

ಶೇಂಗಾ ಇನ್ನೂ ಬಂದಿರಲಿಲ್ಲ.

ಅಶ್ವಜಿತ ಗ್ಲಾಸನ್ನು ಎತ್ತಿ ಹಿಡಿದು ನೋಡಿದ. ತೂತಿದೆಯೇನೋ ಎಂಬಂತೆ ಕೆಳಗೂ ನೋಡಿದ. ಗಾರ್ಡನ್ನಿನಲ್ಲಿ ಇಂಥದೇ ಒಂದು ಗ್ಲಾಸು ದೀಪ ಹಚ್ಚುವ ಹೊತ್ತಿನಿಂದ ಊಟ ಬರುವವರೆಗೆ ಬರುತ್ತಿತ್ತು. ಅಲ್ಲಿ ಗ್ಲಾಸಿನ ತಳ ಹೇಗಿರುತ್ತದೆ? ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. ಮೂರು ತಿಂಗಳಲ್ಲಿ ಒಮ್ಮೆಯೂ ಅದರ ತಳ ಅವನು ನೋಡಿರಲಿಲ್ಲ.

ನೆನಪಾದದ್ದು ಮಡೆಪ್ಪನವರ ಕೈ. ತೊಗರಿಯ ದರದ ಮಾತಾಡುತ್ತ ಆಡುತ್ತ, ಕಣ್ಣು ಎತ್ತಲೋ ಇದ್ದಾಗಲೇ, ಆ ಕೈ ಬಾಟಲಿ ಹಿಡಿದು ಬರುತ್ತದೆ. ಗ್ಲಾಸು ಅರ್ಧಕ್ಕಿಳಿದರೆ ಸಾಕು, ಮತ್ತೆ ಕಂಠಮಟ್ಟ ತುಂಬುತ್ತದೆ. ದೋಸ್ತನ ಮುಂದೆ ಖಾಲಿ ಗ್ಲಾಸು ಇರಬಾರದು ಎಂಬುದು ಅವರ ಮಾತು. ಬಾಟಲಿ ಮುಗಿದರೆ ಇನ್ನೊಂದು ಬರುತ್ತದೆ. ಖಾಲಿಯಾಗದ ಗ್ಲಾಸನ್ನು ಮೂವರೂ ಒಂದೇ ಎಂದು ಎಣಿಸಿದ್ದರು. ಹಾಗೆ ಎಷ್ಟು ಗ್ಲಾಸು ಒಳಗೆ ಹೋಯಿತೆಂದು ಲೆಕ್ಕ ಹಾಕಲು ಹೋದ. ಲೆಕ್ಕ ಸಿಗಲಿಲ್ಲ. ತನ್ನ ಬಾಟಲಿ ತನ್ನ ಮುಂದಿದ್ದ ದಿನಗಳಲ್ಲಾದರೂ ಅದು ಖಾಲಿಯಾಗುವುದು ಕಣ್ಣಿಗೆ ಕಾಣುತ್ತಿತ್ತು.

ಮೊದಲು ಬಂದದ್ದು ಸಮಾಧಾನ. 'ಬ್ಯಾರೆ ಏನರ' ಇಲ್ಲದಿರಬಹುದು! ಅಲ್ಲಿಂದಲೇ ಆಮ್ರಪಾಲಿಗೆ ಫೋನು ಮಾಡಿ ಎಲ್ಲ ಹೇಳಿದ.

"ನೀವು ಸುಳ್ಳ ಹೇಳಿಲ್ಲ, ಅದು ಖರೇ," ಎಂದಳು ಆಕೆ. "ಆದರ ಇಷ್ಟು ದಡ್ಡರು ಅಂತ ಲಗ್ನದಾಗ ನನಗ ಯಾರೂ ಹೇಳಿರಲಿಲ್ಲ ನೋಡ್ರಿ." ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಈಗೇನ್ ಮಾಡ್ತೀರಿ?"

"ಶನಿವಾರ ಅಣ್ಣಾರಿಗಿ ಹೇಳ್ತೇನಿ."

ಹೇಳುತ್ತೇನೆ ಎಂದದ್ದು ಸುಲಭವಾಗಿತ್ತು. ಆ ಕೈಯನ್ನು ಹೇಗೆ ಬೇಡವೆನ್ನುವುದು?

ಅಶ್ವಜಿತನ ಅಪ್ಪ ಕಾಶೀರಾಮ ಊರಿನ ಚಹಾದ ಹೋಟೆಲಿನಲ್ಲಿ ಹೊರಗೆ ನಿಂತು ಕುಡಿದವನು. ಅವನ ಕೇರಿಯವರ ಗ್ಲಾಸು ಬೇರೆ, ಸೂರಿನ ಸಂದಿಯಲ್ಲಿ ಇರುತ್ತಿತ್ತು. ತಾನೇ ತೊಳೆದು ಹಿಡಿದರೆ ಮೇಲಿನಿಂದ ಸುರಿಯುತ್ತಿದ್ದರು. ಮಗ ಓದಿದ, ಡಿಗ್ರಿ ಮುಗಿಸಿದ ಮನೆತನದ ಮೊದಲಿಗನಾದ, ನೌಕರಿ ಹಿಡಿದು ಮೊದಲು ಭಾಲ್ಕಿಗೆ ಬಂದ. ಬಾಡಿಗೆ ಮನೆ ಕೇಳಿದಲ್ಲೆಲ್ಲ ಮೊದಲು ನಗು, ಆಮೇಲೆ "ಯಾವ ಮಂದಿರಿ ನೀವು?" ಎಂಬ ಪ್ರಶ್ನೆ, ಆಮೇಲೆ ನೆಂಟರು ಬರುವವರಿದ್ದಾರೆ ಎಂಬ ನೆಪ. ಮಡೆಪ್ಪನವರು ಮಾತ್ರ ಏನೂ ಕೇಳದೆ ಮಿಲ್ಲಿನ ಮೇಲಿನ ಖೋಲಿಯ ಕೀಲಿ ಕೊಟ್ಟಿದ್ದರು. ಯಾರೋ ಬಂದು ಕಿವಿಯಲ್ಲಿ ಊದಿದಾಗ, "ನಿಮ್ ದನಕ್ಕ ಸೂಜಿ ಹಾಕ್ಲಿಕ್ಕ ಅವ ಬೇಕು, ಮನ್ಯಾಗ ಇರ್ಲಿಕ್ಕ ಬ್ಯಾಡೇನು?" ಎಂದು ಎಲ್ಲರ ಮುಂದೆಯೇ ಕೂಗಿದ್ದರು. ಆ ಸಂಜೆ ಮಿಲ್ಲಿನ ಹಿತ್ತಲಲ್ಲಿ ಕೂರಿಸಿಕೊಂಡು ಬೀರು ತುಂಬಿಸಿದರು. ಬಾಟಲಿಯ ಬಾಯಿ ಅಶ್ವಜಿತನ ಗ್ಲಾಸಿನ ಅಂಚಿಗೆ ತಾಗಿತು. ಅದೇ ಬಾಯಿ ತಿರುಗಿ ಅವರ ಗ್ಲಾಸಿಗೂ ತಾಗಿತು. ಅವರಿಗೆ ಅದು ಗಮನಕ್ಕೂ ಬರಲಿಲ್ಲ. ಬೀರಿನ ರುಚಿ ಅವನಿಗೆ ಹತ್ತಿದ್ದು ಆ ದಿನವೇ.

ಈಗ ಅದೇ ಕೈಗೆ ಸಾಕು ಎನ್ನಬೇಕು. ಹೇಳದಿದ್ದರೆ ಲಿವರ್ ಉಳಿಯುವುದಿಲ್ಲ. ಹೇಳಿದರೆ ಆ ಕುರ್ಚಿ ಉಳಿಯುತ್ತದೋ ಇಲ್ಲವೋ.

ಶನಿವಾರ ಗಾರ್ಡನ್ನಿಗೆ ಹೋಗುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಕುಳಿತ ಮೇಲೆ ಒಂದೂ ಬಾಯಿಗೆ ಬರಲಿಲ್ಲ. ಮಡೆಪ್ಪನವರು ಗ್ಲಾಸು ತುಂಬಿಸಿ ಮುಂದೆ ತಳ್ಳಿ ಮಿಲ್ಲಿನ ಮೋಟರು ಸುಟ್ಟ ಕತೆ ಶುರುಮಾಡಿದರು. ಅಶ್ವಜಿತ ಹೂಂಗುಟ್ಟುತ್ತ ಕುಡಿದ. ಗ್ಲಾಸು ಅರ್ಧಕ್ಕೆ ಇಳಿಯುವುದನ್ನೇ ನೋಡುತ್ತಿದ್ದ. ಇಳಿಯಿತು. ಕತೆಯ ನಡುವೆಯೇ ಆ ಕೈ ಬಂತು.

ಅವನು ಅಂಗೈಯನ್ನು ಗ್ಲಾಸಿನ ಮೇಲಿಟ್ಟ. ಬೀರು ಬೆರಳುಗಳ ಮೇಲೆ ಸುರಿದು ಟೇಬಲ್ಲಿನ ಮೇಲೆ ಹರಿಯಿತು.

"ಏ! ಕೈ ತಗಿಯೋ, ಸುಮ್ನ ಹಾಳಾಗ್ಲತ್ತದ!"

"ಬ್ಯಾಡ್ರಿ ಅಣ್ಣಾರ."

"ಇನ್ನಾ ಒಂದೇ ಗ್ಲಾಸ್ ಆಗ್ಯದಲ್ಲೋ?"

"ಅದು ಒಂದೇ ಅಲ್ಲರಿ," ಎಂದು ಅಶ್ವಜಿತ ಔರಾದದ ಬಾರಿನಿಂದ ಹಿಡಿದು ರಕ್ತದ ರಿಪೋರ್ಟಿನವರೆಗೆ ಒಂದೇ ಉಸಿರಿಗೆ ಹೇಳಿಬಿಟ್ಟ. ಕೈ ಮಾತ್ರ ಗ್ಲಾಸಿನ ಮೇಲಿಂದ ತೆಗೆಯಲಿಲ್ಲ.

ಕಲೀಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾ ಅಲ್ಲಾ! ನಾ ಭಾಬಿ ಮುಂದ ಮಕ್ಕಳ ಆಣಿ ಮಾಡಿ ಗವಾಹಿ ಹೇಳಿ ಬಂದೀನಲ್ಲೋ! ನಂದೂ ಇಮಾನ್ ಹೋಯ್ತು!"

ಮಡೆಪ್ಪನವರು ನಗಲಿಲ್ಲ. ಬಾಟಲಿಯನ್ನು ತಮ್ಮ ಮುಂದೆ ಇಟ್ಟುಕೊಂಡರು.

"ಅಂದ್ರ ನಿನಗ ಜಡ್ಡು ಹಚ್ಚಿದಾಂವ ನಾನೇ ಅಂದಂಗಾಯ್ತು."

"ಹಂಗಲ್ಲರಿ ಅಣ್ಣಾರ..."

"ಹಂಗೇ ಅದ. ನಾ ಏನು ಪ್ರೀತಿಲೆ ಹಾಕ್ಲತ್ತಿದ್ದೆ, ನೀ ಲೆಕ್ಕ ಹಚ್ಚೀದಿ." ಅಷ್ಟೇ ಮಾತು. ಸ್ವಲ್ಪ ಹೊತ್ತಿಗೆ ಮೋಟರಿನವನು ಬರುತ್ತಾನೆಂದು ಹೇಳಿ ಎದ್ದು ಹೋದರು. ಶನಿವಾರ ಅವರು ಊಟಕ್ಕೆ ಮೊದಲು ಎದ್ದದ್ದನ್ನು ಯಾರೂ ನೋಡಿರಲಿಲ್ಲ.

ಬುಧವಾರ ಮಡೆಪ್ಪನವರು ಬರಲಿಲ್ಲ. ಫೋನು ಎತ್ತಲಿಲ್ಲ. ಅಶ್ವಜಿತ ಅಂದು ಬೀರು ಕುಡಿಯದೆಯೇ ಕಲೀಮನ ಜೊತೆ ನಿಂಬೆ ಸೋಡಾ ಕುಡಿದು ಬಂದ. ಅದೇ ಗಾರ್ಡನ್ನು, ಅದೇ ಟೇಬಲ್ಲು. ಆದರೆ ಅಲ್ಲಿ ಗಳಿಗೆಯೂ ಮನಸ್ಸು ನಿಲ್ಲಲಿಲ್ಲ. ಹೊಸ ಟೆಸ್ಟಿಗೆ ಹೋದಾಗ ಡಾಕ್ಟರಮ್ಮ ಗ್ಲಾಸಿನ ಕತೆ ಕೇಳಿ ಹಣೆ ಒತ್ತಿಕೊಂಡರು. "ಇವನ್ನೆಲ್ಲ ಆಮ್ಯಾಲ ನೋಡೋಣ. ಮೊದಲು ಒಂದು ತಿಂಗಳು ಖರೇ ಖರೇ ಕಮ್ಮಿ ಮಾಡಿ ಬರ್ರಿ. ಕಲೇಜಿನೂ ಬಿಡ್ರಿ. ಆದರ ಅಂಕಿ ಇಳೀಲಿಲ್ಲ ಅಂದ್ರ ನಾ ಸುಮ್ಮ ಬಿಡಲ್ಲ," ಎಂದರು. ಆ 'ಅಂದ್ರ' ಅವನ ಜೊತೆ ಮನೆಗೆ ಬಂತು.

ಮುಂದಿನ ಶನಿವಾರ ಅವನು ಹೊತ್ತಿಗೆ ಮೊದಲೇ ಹೋಗಿ ಕುಳಿತ. ಚಿಕ್ಕ ಬಾಟಲಿ ತರಿಸಿ, ತಾನೇ ಒಂದು ಗ್ಲಾಸು ಬಗ್ಗಿಸಿಕೊಂಡು, ಉಳಿದದ್ದನ್ನು ಹಿಂದಕ್ಕೆ ಕಳಿಸಿದ. ಹೆದ್ದಾರಿಯಲ್ಲಿ ಮಡೆಪ್ಪನವರದರಂಥ ಬಿಳಿ ಕಾರು ಬಂದಾಗಲೆಲ್ಲ ಕತ್ತು ಎತ್ತಿದ. ಕಬ್ಬಿನ ಟ್ರ್ಯಾಕ್ಟರುಗಳು ಹೋದವು. ಕಲೀಮ ಬಂದ. ದೀಪ ಹತ್ತಿದವು. ಒಂದು ಗ್ಲಾಸನ್ನು ಎಷ್ಟು ನಿಧಾನ ಕುಡಿಯಬಹುದೋ ಅಷ್ಟು ನಿಧಾನ ಕುಡಿದ.

ಮಡೆಪ್ಪನವರು ತಡವಾಗಿ ಬಂದರು. ಏನೂ ಆಗದವರಂತೆ ಕುರ್ಚಿ ಎಳೆದುಕೊಂಡು, ಗಿಡ್ಡ ಕಾಲಿನ ಟೇಬಲ್ಲನ್ನು ಬೈದು, ತಮ್ಮ ಬಾಟಲಿ ತರಿಸಿದರು. ತಮಗೆ ತುಂಬಿಸಿಕೊಂಡರು. ಕಲೀಮನ ಅಂಗಡಿಯ ಮಾತು ಕೇಳುತ್ತ ಕೇಳುತ್ತ ಅವರ ಕೈ ಅಶ್ವಜಿತನ ಗ್ಲಾಸಿನ ಕಡೆ ಹೊರಟಿತು. ಬಾಟಲಿ ಓರೆಯಾಗುವ ಮೊದಲೇ ಗಾಳಿಯಲ್ಲಿ ನಿಂತಿತು.

ಕೈ ಹಿಂದಕ್ಕೆ ಹೋಯಿತು.

"ಕೈಗಿ ರೂಢಿ ಬಿದ್ದದ," ಎಂದರು ಮಡೆಪ್ಪನವರು ಯಾರ ಮುಖವನ್ನೂ ನೋಡದೆ. "ತಾನೇ ಹೋಗ್ತದ."

"ನಂದೂ ಹಂಗೇ ಆಗ್ಯದ್ರಿ ಅಣ್ಣಾರ. ಗ್ಲಾಸ್ ಮುಗದ್ರ ನಿಮ್ ಕಡಿನೇ ನೋಡ್ತೇನಿ."

ಮಡೆಪ್ಪನವರು ಎರಡು ಗುಟುಕು ಕುಡಿದರು. "ರಕ್ತ ಮತ್ತ ಯಾವಾಗ ಕೊಡ್ತಿ?"

"ಮುಂದಿನ ತಿಂಗಳು."

"ಇಳೀಲಿಲ್ಲಂದ್ರ?"

ಆ ಪ್ರಶ್ನೆಯನ್ನು ಇಷ್ಟು ದಿನ ಅವನನ್ನು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಆಮ್ರಪಾಲಿಯೂ ಕೇಳಿರಲಿಲ್ಲ. ಕಲೀಮ ಶೇಂಗಾ ಜಗಿಯುವುದನ್ನು ನಿಲ್ಲಿಸಿದ.

"ಇಳೀಲಿಲ್ಲಂದ್ರ..." ಅಶ್ವಜಿತ ಖಾಲಿ ಗ್ಲಾಸನ್ನು ಪಕ್ಕಕ್ಕೆ ಸರಿಸಿದ. "ಗೊತ್ತಿಲ್ಲರಿ. ಅಂಜಿಕಿ ಬರ್ಲತ್ತದ."

"ಒಬ್ಬಾಂವ ಹೋಗಬ್ಯಾಡ," ಎಂದರು ಮಡೆಪ್ಪನವರು. "ನನಗ ಫೋನ್ ಮಾಡು. ಭಾಲ್ಕಿಗಿ ಹೋಗೋ ಮೊದಲು ಲ್ಯಾಬಿಗಿ ಬಂದು ಕೂಡ್ತೇನಿ." ಆಮೇಲೆ ಒಳಗಿದ್ದ ಸಪ್ಲೈಯರ್ ಹುಡುಗನ ಕಡೆ ತಿರುಗಿ ಕೂಗಿದರು: "ಏಕನಾಥ, ಡಾಕ್ಟರಿಗೊಂದು ನಿಂಬಿ ಸೋಡಾ ತಾ. ಉಪ್ಪು ಕಮ್ಮಿ ಹಾಕು!"